ಆ ಎರಡು ವರ್ಷ ಏನ್ ಮಾಡ್ತಿದ್ರಿ?

ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಮ್ಮ ಅಟ್ಟೂರು ಲೇಔಟಿನವರೊಬ್ಬರು ಬಂದು ಪಕ್ಕದಲ್ಲಿ ಕೂತರು. ತೊಡೆಯ ಮೇಲೆ ಸೀರೆ ಅಂಗಡಿಯ ಬಟ್ಟೆಚೀಲ. ಅದರೊಳಗೆ ದಿನಪತ್ರಿಕೆಯ ಹಾಳೆಯಲ್ಲಿ ಸುತ್ತಿದ ಫೈಲು. ಹಾಳೆ ಒಂದು ಮೂಲೆಯಲ್ಲಿ ಹರಿದು ಆಸ್ಪತ್ರೆಯ ಹೆಸರಿನ ಕೊನೆಯ ಅಕ್ಷರಗಳು ಇಣುಕುತ್ತಿದ್ದವು. ನಾನು ಏನೂ ಕೇಳಲಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಎಂದಿನಂತೆ ನಿಂತುಬಿಟ್ಟಾಗ ಅವರೇ ಹೇಳಿದರು: "ನರದ ಡಾಕ್ಟ್ರಿಗೆ ತೋರಿಸ್ತಿದೀನಿ ಸಾರ್. ಸ್ವಲ್ಪ ನರದ ವೀಕ್‌ನೆಸ್ಸು."

ಬೆಂಗಳೂರಿನ ಕನ್ನಡದಲ್ಲಿ ಈ 'ನರದ ಡಾಕ್ಟ್ರು' ಎಂಬ ಮಾತು ಎಷ್ಟು ಮನೆಗಳ ಮಾನ ಕಾಪಾಡಿದೆಯೋ ಲೆಕ್ಕವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗಕ್ಕೂ ಮನೋರೋಗಕ್ಕೂ ಒಂದೇ ಆವರಣದಲ್ಲಿ ಚಿಕಿತ್ಸೆ. ಪಾರ್ಶ್ವವಾಯು ಬಡಿದವರು, ಮೂರ್ಛೆರೋಗದವರು, ತಿಂಗಳುಗಟ್ಟಲೆ ನಿದ್ದೆಯಿಲ್ಲದವರು, ಕಿವಿಯಲ್ಲಿ ಮಾತು ಕೇಳಿಸುವವರು ಎಲ್ಲರೂ ಅದೇ ರಸ್ತೆಯಲ್ಲಿ ಇಳಿಯುತ್ತಾರೆ. 1974ರ ಡಿಸೆಂಬರ್ 27ರಂದು ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಶುರುವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ನಿಮ್ಹಾನ್ಸ್ ಮಾಡಿದವರ ಮನಸ್ಸಿನಲ್ಲಿದ್ದದ್ದು ವೈದ್ಯಕೀಯ ಉದ್ದೇಶ. ಜನ ಅದರಲ್ಲಿ ಇನ್ನೊಂದು ಉಪಯೋಗ ಕಂಡುಕೊಂಡರು. ಮನಸ್ಸಿನ ಕಾಯಿಲೆಯನ್ನು ನರದ ನೆರಳಲ್ಲಿ ಕೂರಿಸಿದರು.

ಆ ನೆರೆಯವರ ಕಥೆ ಸಂಕ್ಷೇಪವಾಗಿ ಇಷ್ಟು. ಪೀಣ್ಯದ ಕಾರ್ಖಾನೆಯೊಂದರಲ್ಲಿ 22 ವರ್ಷ ಕೆಲಸ. ತಯಾರಾದ ಬಿಡಿಭಾಗಗಳ ಅಳತೆ ನೋಡಿ ಪಾಸು ಮಾಡುವ ಇನ್ಸ್‌ಪೆಕ್ಟರು. 46ನೇ ವಯಸ್ಸಿನಲ್ಲಿ ಕೆಲಸ ಹೋಯಿತು. ಮೊದಲ ಮೂರು ತಿಂಗಳು ಓಡಾಡಿದರು. ಆಮೇಲೆ ಇದ್ದಬದ್ದ ನಿದ್ದೆಯೂ ಹೋಯಿತು, ಊಟ ಹೋಯಿತು, ಮಾತು ಹೋಯಿತು. ಗಡ್ಡ ಬೋಳಿಸುವುದನ್ನು ಬಿಟ್ಟರೆಂಬುದನ್ನು ಮೊದಲು ಗಮನಿಸಿದವರು ಹೆಂಡತಿ. ಎರಡು ವರ್ಷ ಹಾಗೇ ಕಳೆದ ಮೇಲೆ ಚಿಕಿತ್ಸೆ ಹಿಡಿಯಿತು, ಮನುಷ್ಯ ಎದ್ದು ಕೂತರು. ಮತ್ತೆ ಕೆಲಸ ಹುಡುಕಿ ಹೊರಟಾಗ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಆ ಎರಡು ವರ್ಷ ಏನ್ ಮಾಡ್ತಿದ್ರಿ?" ಅವರ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಳ್ಳುವುದನ್ನು ನಾವು ಹಣದ ವಿಷಯವಾಗಿ ಮಾತಾಡುತ್ತೇವೆ, ಮನಸ್ಸಿನ ಕಾಯಿಲೆಯನ್ನು ಔಷಧಿಯ ವಿಷಯವಾಗಿ. ಇವೆರಡೂ ಒಂದೇ ಮನೆಯಲ್ಲಿ ಒಟ್ಟಿಗೆ ಇದ್ದಾಗ ಏನಾಗುತ್ತದೆ ಎಂಬುದನ್ನು ಒಟ್ಟಾಗಿ ನೋಡಿದ್ದು ಕಡಿಮೆ. ನಾನು ಕಂಡ ಮಟ್ಟಿಗೆ ಮತ್ತೆ ಶುರು ಮಾಡಹೊರಟವರನ್ನು ಹೆಚ್ಚು ದಣಿಸುವುದು ಆ ಎರಡನ್ನೂ ಮುಚ್ಚಿಡುವ ಕೆಲಸ. ಅದೇ ಒಂದು ಪೂರ್ಣಾವಧಿಯ ಉದ್ಯೋಗದಷ್ಟು ಶಕ್ತಿ ತಿನ್ನುತ್ತದೆ.

ನಮ್ಮ ಭಾಗದ ಬದುಕನ್ನು ಕಟ್ಟಿದ್ದು ಸಂಬಳ. ಜಾಲಹಳ್ಳಿಯಲ್ಲಿ 1950ರ ದಶಕದಲ್ಲೇ ಎಚ್‌ಎಂಟಿ, ಬಿಇಎಲ್ ಬಂದವು. 1980ರ ದಶಕದಲ್ಲಿ ಯಲಹಂಕಕ್ಕೆ ರೈಲು ಗಾಲಿ ಕಾರ್ಖಾನೆ ಬಂತು. ವಾಯುಪಡೆ, ಸಿಆರ್‌ಪಿಎಫ್, ಮದರ್ ಡೈರಿ, ಆಚೆ ಕೃಷಿ ವಿಶ್ವವಿದ್ಯಾಲಯ. ಅಟ್ಟೂರು, ಉಪನಗರ, ವಿದ್ಯಾರಣ್ಯಪುರಗಳ ಎಷ್ಟೋ ಮನೆಗಳ ಗೋಡೆ ಎದ್ದದ್ದು ಇಂಥ ಕಡೆಗಳ ಸೊಸೈಟಿ ಸಾಲದಿಂದ, ಭವಿಷ್ಯನಿಧಿಯ ಮುಂಗಡದಿಂದ. ಮನುಷ್ಯನ ಗುರುತೂ ಹಾಗೇ: 'ಬಿಇಎಲ್‌ನವರು', 'ವೀಲ್ ಫ್ಯಾಕ್ಟರಿಯವರು', 'ಎಚ್‌ಎಂಟಿ ರಾಯರು'. ಊರಿನ ಹೆಸರು ಇನಿಷಿಯಲ್ಲಿನಲ್ಲಿ ಉಳಿದು, ಕಾರ್ಖಾನೆಯ ಹೆಸರು ಮನೆತನದ ಹೆಸರಿನ ಜಾಗಕ್ಕೆ ಬಂತು. ಕೆಲಸ ಹೋದರೆ ಆ ಹೆಸರೂ ಹೋಗುತ್ತದೆ ಎಂಬುದನ್ನು ಆಗ ಯಾರೂ ಯೋಚಿಸಿರಲಿಲ್ಲ.

ಎಚ್‌ಎಂಟಿಯದೇ ಉದಾಹರಣೆ ನೋಡಿ. 1953ರಲ್ಲಿ ಯಂತ್ರೋಪಕರಣಗಳಿಗಾಗಿ ಹುಟ್ಟಿದ ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ಕೈಗಡಿಯಾರ ಮಾಡಿತು. ಜನತಾ, ಪೈಲಟ್, ಸೋನಾ, ಕಾಂಚನ. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡುವುದು ರೂಢಿಯಾಗಿತ್ತು, ಕಾಂಚನಕ್ಕಂತೂ ಕಾದು ಕೂರಬೇಕಿತ್ತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಿಮುಟದ ತುದಿಯಲ್ಲಿ ಎಳ್ಳಿಗಿಂತ ಸಣ್ಣ ತಿರುಪು ಹಿಡಿದು ಕೂರಿಸುವ ಕೆಲಸ. ವರ್ಷಗಟ್ಟಲೆ ಅದನ್ನು ಮಾಡಿದ ಕೈಗಳು ಅವು. ಕ್ವಾರ್ಟ್ಸ್ ಬಂತು, 1984ರಲ್ಲಿ ಟೈಟನ್ ಬಂತು, ನಷ್ಟ ಬೆಳೆಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಉಳಿದ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ. ಮೂರೇ ವರ್ಷಕ್ಕೆ, 2019ರಲ್ಲಿ, ಜಾಲಹಳ್ಳಿಯಲ್ಲಿ ಎಚ್‌ಎಂಟಿ ಪರಂಪರೆ ಕೇಂದ್ರ ತೆರೆಯಿತು. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದ ಜಾಗ. ಗಡಿಯಾರಗಳು ಅಲ್ಲಿ ಭದ್ರವಾಗಿವೆ, ಚಂದವಾಗಿವೆ. ಅವನ್ನು ಜೋಡಿಸಿದವರು ಕೆಲಸ ಬಿಟ್ಟ ಮಾರನೆಯ ದಿನ ಬೆಳಗ್ಗೆ ಎದ್ದು ಏನು ಮಾಡಿದರು ಎಂಬುದಕ್ಕೆ ಯಾವ ಸಂಗ್ರಹಾಲಯವೂ ಇಲ್ಲ.

ಎಚ್‌ಎಂಟಿ ಒಂದೇ ಅಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಹಳೆ ತುಮಕೂರು ರಸ್ತೆಯ ಮೈಸೂರ್ ಲ್ಯಾಂಪ್ಸ್ ಅದರ ಬೆನ್ನಿಗೇ. ಆದರೆ ಆ ಮುಚ್ಚುಗಡೆಗಳಲ್ಲಿ ಒಂದು ಸಮಾಧಾನವಿತ್ತು. ಬಾಗಿಲು ಎಲ್ಲರ ಮುಖದ ಮೇಲೂ ಒಟ್ಟಿಗೇ ಮುಚ್ಚಿತು. ಗೇಟಿನ ಮುಂದೆ ಶಾಮಿಯಾನ ಹಾಕಿ ಕೂರಲು ಜೊತೆಗೆ ಜನವಿದ್ದರು, ಬೈಯಲು ಒಬ್ಬ ಮಂತ್ರಿಯಿದ್ದ. 'ಫ್ಯಾಕ್ಟರಿ ಮುಚ್ಚೋಯ್ತು' ಎಂದರೆ ಹೇಳಿದವನ ತಪ್ಪೇನೂ ಅದರಲ್ಲಿಲ್ಲ. ಈಗಿನ ಕೆಲಸ ಹೋಗುವ ರೀತಿ ಬೇರೆ. ಮಧ್ಯಾಹ್ನ ಎಚ್‌ಆರ್ ಕೋಣೆಗೆ ಒಬ್ಬರನ್ನೇ ಕರೆಯುತ್ತಾರೆ. ರಾಜೀನಾಮೆ ಎಂದು ನೀವೇ ಬರೆದುಕೊಟ್ಟರೆ ಮುಂದಿನ ಕೆಲಸಕ್ಕೆ ತೊಂದರೆಯಿಲ್ಲ ಎನ್ನುತ್ತಾರೆ. ಸಂಜೆಯೊಳಗೆ ಲ್ಯಾಪ್‌ಟಾಪು, ಗುರುತಿನ ಚೀಟಿ ಒಪ್ಪಿಸಬೇಕು. ಪಕ್ಕದ ಮೇಜಿನವರು ಅಲ್ಲೇ ಉಳಿದಿದ್ದಾರೆ, ಹಾಗಾದರೆ ತಪ್ಪು ನನ್ನದೇ ಇರಬೇಕು. ಈ 'ನನ್ನದೇ' ಎಂಬ ಮಾತು ಮನಸ್ಸಿನಲ್ಲಿ ಊರಿದ ದಿನದಿಂದ ಕೆಲಸ ಕಳೆದುಕೊಂಡವರೂ ಕಾಯಿಲೆ ಬಿದ್ದವರೂ ಒಂದೇ ದಾರಿಯಲ್ಲಿ ನಡೆಯತೊಡಗುತ್ತಾರೆ. ಇಬ್ಬರೂ ನಾಲ್ಕು ಜನ ಸೇರುವ ಕಡೆ ಹೋಗುವುದನ್ನು ಬಿಡುತ್ತಾರೆ.

ಕೆಲಸವಿಲ್ಲದ ಬದುಕನ್ನು ಹತ್ತಿರದಿಂದ ನೋಡಿದ ಒಂದು ಹಳೆಯ ಅಧ್ಯಯನ ಇಂದಿಗೂ ಓದಿಸಿಕೊಳ್ಳುತ್ತದೆ. ವಿಯೆನ್ನಾ ಬಳಿಯ ಮರೀಂಟಾಲ್ ಎಂಬ ಹಳ್ಳಿ ಒಂದು ಬಟ್ಟೆ ಗಿರಣಿಯನ್ನೇ ನಂಬಿತ್ತು. 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಮರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಸಂಶೋಧಕರು ಅಲ್ಲಿ ತಂಗಿ ನೋಡಿದ್ದನ್ನು 1933ರಲ್ಲಿ ಪ್ರಕಟಿಸಿದರು. ಗ್ರಂಥಾಲಯದ ಶುಲ್ಕ ತೆಗೆದರೂ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು, ಬೇಕಾದಷ್ಟು ಬಿಡುವಿದ್ದರೂ. ಗಡಿಯಾರ ಹಿಡಿದು ಬೀದಿಯಲ್ಲಿ ನಡೆಯುವವರ ವೇಗ ಅಳೆದರು. ಗಂಡಸರು ನಿಂತು ನಿಂತು ನಿಧಾನ ನಡೆಯುತ್ತಿದ್ದರು, ಹೆಂಗಸರು ಬೇಗ ಬೇಗ. ಹೆಂಗಸರಿಗೆ ಗಿರಣಿಯ ಕೆಲಸ ಹೋಗಿತ್ತು, ಮನೆಯ ಕೆಲಸ ಹೋಗಿರಲಿಲ್ಲ. ಗಂಡಸರನ್ನು ದಿನವಿಡೀ ಏನು ಮಾಡಿದಿರಿ ಎಂದು ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಯಹೋಡಾ ಮುಂದೆ ಇದನ್ನೇ ಬೆಳೆಸಿ ಬರೆದರು: ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಕ್ರಮ ಕೊಡುತ್ತದೆ, ಮನೆಯಾಚೆಯ ಒಡನಾಟ ಕೊಡುತ್ತದೆ, ನಾಲ್ಕು ಜನರ ಜೊತೆ ಸೇರಿ ಏನನ್ನೋ ಮಾಡಿದ ತೃಪ್ತಿ, ಒಂದು ಸ್ಥಾನಮಾನ, ಕೈಕಾಲಿಗೆ ಚಟುವಟಿಕೆ ಕೊಡುತ್ತದೆ. ಸಂಬಳಕ್ಕೆ ಬದಲು ಇನ್ನೇನಾದರೂ ಹೊಂದಿಸಬಹುದು. ಮಿಕ್ಕವಕ್ಕೆ ಬದಲಿ ಸುಲಭಕ್ಕೆ ಸಿಗುವುದಿಲ್ಲ.

ಅಟ್ಟೂರು ಕೆರೆಯ ಏರಿಯ ಮೇಲೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ನನಗೆ ಮರೀಂಟಾಲ್ ನೆನಪಾಗುತ್ತದೆ. ವಾಕಿಂಗಿನವರು ಎಂಟಕ್ಕೇ ಮನೆ ಸೇರಿರುತ್ತಾರೆ. ಆಮೇಲೂ ಬೆಂಚಿನ ಮೇಲೆ ಉಳಿಯುವ ನಲವತ್ತು-ಐವತ್ತರ ಪ್ರಾಯದ ಗಂಡಸರಿದ್ದಾರೆ. ಫೋನಿನಲ್ಲಿ ಏನನ್ನೂ ನೋಡದೆ ಸುಮ್ಮನೆ ಮೇಲೆ ಕೆಳಗೆ ಸರಿಸುತ್ತಿರುತ್ತಾರೆ. ಅವರಲ್ಲಿ ಎಷ್ಟು ಜನ ರಾತ್ರಿಪಾಳಿಯವರೋ, ಎಷ್ಟು ಜನ ಕೆಲಸವಿಲ್ಲದವರೋ ಹೇಳಲಾರೆ. ಅದೇ ವಯಸ್ಸಿನ ಹೆಂಗಸರು ಆ ಹೊತ್ತಿನಲ್ಲಿ ಅಲ್ಲಿ ಕಾಣುವುದಿಲ್ಲ.

ಹೆಂಗಸರ ಕೆಲಸ ಹೋಗುವುದು ಲೆಕ್ಕಕ್ಕೇ ಬರುವುದಿಲ್ಲ. 'ಈಗ ಮನೇಲಿದಾರೆ' ಎಂದರೆ ಮುಗಿಯಿತು. ಅವರ ದನಿ ಊರಿಗೆಲ್ಲ ಕೇಳಿಸಿದ್ದು ಒಮ್ಮೆ, ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಸಿಕ್ಕ ಅದೇ 2016ರಲ್ಲಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕಾರ್ಖಾನೆಗಳಿಂದ ಹೊರಬಂದು ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದರು. ಯಾವ ದೊಡ್ಡ ನಾಯಕರೂ ಕರೆ ಕೊಟ್ಟಿರಲಿಲ್ಲ. 19ರ ಸಂಜೆಯೊಳಗೆ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಹೊರಗಿನವರಿಗೆ ಅದು ಪಿಎಫ್ ಗಲಾಟೆ. ಹೊಲಿಗೆ ಯಂತ್ರದ ಮುಂದೆ ಹದಿನೈದು ವರ್ಷ ಕೂತು ಬೆನ್ನು, ಕಣ್ಣು ಸೋತವರಿಗೆ 58 ಎಂಬುದು ಕಾಣದ ಊರು. ನಲವತ್ತಕ್ಕೆ ಕೆಲಸ ಬಿಟ್ಟಾಗ ಕೈಗೆ ಬರುವ ಆ ಮೊತ್ತವೇ ಅವರ ಎರಡನೇ ಬದುಕಿನ ಬಂಡವಾಳ: ಒಂದು ಹೊಲಿಗೆ ಯಂತ್ರ, ಊರಲ್ಲಿ ಎರಡು ಹಸು, ಮಗಳ ಕಾಲೇಜು ಫೀಸು, ಇಲ್ಲವೇ ಆರು ತಿಂಗಳ ವಿಶ್ರಾಂತಿ. ಮತ್ತೆ 2025ರ ಅಕ್ಟೋಬರ್‌ನಲ್ಲಿ ಭವಿಷ್ಯನಿಧಿಯ ಮಂಡಳಿ ಕಾಲುಭಾಗ ಖಾತೆಯಲ್ಲೇ ಉಳಿಯಬೇಕು, ಪೂರ್ತಿ ಹಣಕ್ಕೆ ಕೆಲಸ ಹೋದ ಮೇಲೆ 12 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿದೆ. ಮುಪ್ಪಿಗೆಂದು ಉಳಿಸುವುದು ಸರಿಯೇ. ನಡುವೆ ಬೀಳುವವರಿಗೆ ಬೇರೆ ಏನೂ ಇಲ್ಲದಿರುವಾಗ ಅದೊಂದನ್ನೇ ಬಿಗಿ ಮಾಡಿದರೆ ಅವರು ಹೋಗುವುದು ಮೀಟರ್ ಬಡ್ಡಿಯವನ ಬಳಿಗೆ.

ಬೇರೆ ಏನೂ ಇಲ್ಲ ಎಂಬ ಮಾತು ಸ್ವಲ್ಪ ಉತ್ಪ್ರೇಕ್ಷೆ. ಕೆಲಸದಿಂದ ತೆಗೆದರೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, ಈಗಲೂ ಇದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಅದರ ಮೇಲೆ ಇನ್ನೊಂದು 15 ದಿನದ ಸಂಬಳವನ್ನು ಮರುಕೌಶಲ ನಿಧಿಯ ಹೆಸರಲ್ಲಿ ಸೇರಿಸಿದೆ. ಇಎಸ್‌ಐ ಇದ್ದವರಿಗೆ ಅಟಲ್ ಯೋಜನೆಯಲ್ಲಿ 90 ದಿನದವರೆಗೆ ಅರ್ಧ ಕೂಲಿ ಸಿಗುತ್ತದೆ. ಆದರೆ ಇಎಸ್‌ಐ ಇರುವುದು ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳಕ್ಕೆ. ಪರಿಹಾರದ ಕಾನೂನು ಅನ್ವಯಿಸುವುದು 'ಕಾರ್ಮಿಕ' ಎನಿಸಿಕೊಂಡವರಿಗೆ, ಸೂಪರ್‌ವೈಸರ್ ಎಂದು ಬಡ್ತಿ ಕೊಟ್ಟರೆ ಆ ರಕ್ಷಣೆಯೂ ತಪ್ಪಬಹುದು. ಇನ್ನು ರಾಜೀನಾಮೆ ಬರೆದುಕೊಟ್ಟವರ ಕೈಗೆ ಈ ಪರಿಹಾರವಿಲ್ಲ. ನಮ್ಮ ರಾಜ್ಯ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಆರಂಭಿಸಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಒಳ್ಳೆಯದೇ. ಇನ್ನೂ ಕೆಲಸವನ್ನೇ ಕಾಣದ ಇಪ್ಪತ್ತೆರಡರ ಹುಡುಗನಿಗೆ ಎರಡು ವರ್ಷದ ಆಸರೆ ಬೇಕೆಂದು ಒಪ್ಪಿದ ಸರ್ಕಾರ, ಇಪ್ಪತ್ತೆರಡು ವರ್ಷ ದುಡಿದು ತೆರಿಗೆ ಕಟ್ಟಿ ಬಿದ್ದ ಅವನ ಅಪ್ಪನಿಗೆ ಅದು ಬೇಕೆಂದು ಒಪ್ಪುವುದರಲ್ಲಿ ತಪ್ಪೇನಿದೆ? ನನಗೆ ಇದು ಸಣ್ಣ ಬೇಡಿಕೆಯೆಂದೇ ಅನಿಸುತ್ತದೆ.

ಇನ್ನು ಮನಸ್ಸಿನ ವಿಷಯ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನಕ್ಕೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹೆಚ್ಚು ಬಾಧಿತರು 40ರಿಂದ 49 ವರ್ಷದವರು. ಅಂದರೆ ಸಾಲದ ಕಂತು, ಮಕ್ಕಳ ಫೀಸು, ಅಪ್ಪ-ಅಮ್ಮನ ಆಸ್ಪತ್ರೆ ಎಲ್ಲ ಒಟ್ಟಿಗೆ ಹೆಗಲ ಮೇಲಿರುವ ವಯಸ್ಸು. ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳಲ್ಲಿ ನೂರಕ್ಕೆ 85ರಷ್ಟು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದರು.

ಕೆಲಸ ಹೋಗಿ ಕಾಯಿಲೆ ಬರುತ್ತದೆಯೋ, ಕಾಯಿಲೆ ಬಂದು ಕೆಲಸ ಹೋಗುತ್ತದೆಯೋ ಎಂದು ಕೇಳಿದರೆ ಎರಡೂ ಹೌದು. ನನ್ನ ನೆರೆಯವರೇ ಒಮ್ಮೆ ಅಂದರು: "ಕೊನೇ ಆರು ತಿಂಗಳು ಮೈಕ್ರೋಮೀಟರ್ ಹಿಡಿದ್ರೆ ಗೆರೆ ಎರಡೆರಡು ಸಲ ನೋಡ್ಬೇಕಾಗಿತ್ತು. ನಿದ್ದೆ ಇರ್ಲಿಲ್ಲ. ನನ್ನ ಕಡೆಯಿಂದ ರಿಜೆಕ್ಷನ್ ಜಾಸ್ತಿ ಆಯ್ತು. ಲಿಸ್ಟ್ ಮಾಡೋವಾಗ ನನ್ನ ಹೆಸರು ಮೊದ್ಲು ಬಂತು." ಆಗ ಅವರು ರಜೆ ಕೇಳಬಹುದಿತ್ತು. ಏನೆಂದು ಕೇಳುವುದು? ಜ್ವರವೆಂದರೆ ಮೂರು ದಿನ ಕೊಡುತ್ತಾರೆ, ಮೂಳೆ ಮುರಿದರೆ ಆರು ವಾರ. ನಿದ್ದೆ ಬರುತ್ತಿಲ್ಲ, ಅಳು ಬರುತ್ತದೆ ಎಂದರೆ ನಗುತ್ತಾರೆ ಎಂದು ಹೆದರಿ ಕೇಳಲಿಲ್ಲ.

ಈ ಹೆದರಿಕೆ ನಮ್ಮ ಮಾತಿನಲ್ಲೇ ಬೇರುಬಿಟ್ಟಿದೆ. 1847ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹುಚ್ಚರ ಆಶ್ರಯಕ್ಕೆ ಮೈಸೂರು ಸರ್ಕಾರ 1925ರಲ್ಲೇ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿತು. ನೂರು ವರ್ಷವಾಯಿತು, ಜಗಳದಲ್ಲಿ 'ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ' ಎಂಬ ಬೈಗುಳ ಇನ್ನೂ ನಿಂತಿಲ್ಲ. ಶಾಲೆಯ ಮಕ್ಕಳಿಗೆ 'ಮೆಂಟಲ್' ಎಂದರೆ ಬೈಗುಳ. ಹಾಗೆಂದು ಕನ್ನಡ ಈ ವಿಷಯದಲ್ಲಿ ಸುಮ್ಮನೆ ಕೂತಿರಲಿಲ್ಲ. ಸಣ್ಣ ವಯಸ್ಸಿನಲ್ಲೇ, 1963ರಲ್ಲಿ, ತೀರಿಕೊಂಡ ತ್ರಿವೇಣಿ ಮನಸ್ಸಿನ ಕಾಯಿಲೆಯನ್ನು ಮನೆಮನೆಯ ಓದಿಗೆ ತಂದರು. 'ಶರಪಂಜರ'ದ ಕಾವೇರಿ ಕಾಯಿಲೆ ಬಿದ್ದದ್ದು ಅರ್ಧ ಕಥೆ. ಆಕೆ ಗುಣವಾಗಿ ಮನೆಗೆ ಬರುತ್ತಾಳೆ, ಮನೆಯೂ ನೆರೆಹೊರೆಯೂ ಆಕೆ ಗುಣವಾಗಿದ್ದಾಳೆಂದು ನಂಬುವುದಿಲ್ಲ, ಮತ್ತೆ ಅದೇ ಆಸ್ಪತ್ರೆ. ಪುಟ್ಟಣ್ಣ ಕಣಗಾಲ್ 1970ರ ದಶಕದ ಆರಂಭದಲ್ಲಿ ಅದನ್ನು ಸಿನಿಮಾ ಮಾಡಿದಾಗ ಊರಿಗೆ ಊರೇ ಕಣ್ಣೀರಿಟ್ಟಿತು. ಅಷ್ಟು ಅತ್ತ ನಾಡು ಗುಣವಾಗಿ ವಾಪಸ್ ಬಂದವರಿಗೆ ಬಾಗಿಲು ತೆರೆಯುವುದನ್ನು ಇನ್ನೂ ಕಲಿಯಬೇಕಿದೆ ಎಂಬುದು ನನಗೆ ನೋವಿನ ವಿಷಯ. ಮುಂದೆ ಶಿವಮೊಗ್ಗದ ಡಾ. ಅಶೋಕ ಪೈ ತಮ್ಮ ವೈದ್ಯಕೀಯ ಅನುಭವವನ್ನು ಕಥೆಗಳಿಗೂ ಸುರೇಶ್ ಹೆಬ್ಳೀಕರ್ ಅವರ 'ಕಾಡಿನ ಬೆಂಕಿ'ಯಂಥ ಸಿನಿಮಾಗಳಿಗೂ ಕೊಟ್ಟರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ನೂರಾರು ಪುಸ್ತಕಗಳಲ್ಲಿ ಸರಳ ಕನ್ನಡದಲ್ಲಿ ಇದನ್ನೇ ಹೇಳುತ್ತ ಬಂದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ತೆಳುವಾದ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಸಿಗುತ್ತಿದ್ದವು ಎಂಬುದನ್ನು ನಾನು ದೊಡ್ಡ ಸಂಗತಿಯೆಂದು ಎಣಿಸುತ್ತೇನೆ. ಕೇಳಲು ನಾಚುವವರು ಹತ್ತು ರೂಪಾಯಿ ಕೊಟ್ಟು ಓದಬಹುದಿತ್ತು.

ಒಂದು ಮಾತು ಪಕ್ಕಕ್ಕೆ ಹೇಳಬೇಕು. ನಡುವಯಸ್ಸಿನಲ್ಲಿ ಕೆಲಸ ಹೋದವರ ಮನೆಗೆ ಮೊದಲು ಬರುವ ವಿವರಣೆ 'ಸಾಡೇಸಾತಿ'. ವೈದ್ಯರ ಬಳಿಗೆ ಹೋಗುವ ಮೊದಲು ಜಾತಕ ಹಿಡಿದು ಹೋಗುವುದನ್ನು ಕಂಡು ಓದಿದವರು ಬೈಯುತ್ತಾರೆ. ನಾನು ಬೈಯಲಾರೆ. ಶನಿಕಾಟ ಎಂದು ನಾಚಿಕೆಯಿಲ್ಲದೆ ಹೇಳಬಹುದು, ಕಟ್ಟೆಯ ಮೇಲೆ ಕೂತು ಚರ್ಚಿಸಬಹುದು, 'ನಂಗೂ ಆಗಿತ್ತು' ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ. ಮೇಲಾಗಿ ಅದಕ್ಕೊಂದು ಮುಕ್ತಾಯದ ದಿನವಿದೆ. ಖಿನ್ನತೆಗೆ ನಮ್ಮ ಸಮಾಜ ಇವ್ಯಾವುದನ್ನೂ ಕೊಟ್ಟಿಲ್ಲ. ಎಳ್ಳುದೀಪದ ಜೊತೆಗೆ ಮಾತ್ರೆಯೂ ನಡೆಯಲಿ ಎಂದು ಮನೆಯವರಿಗೆ ಒಪ್ಪಿಸಿದ ವೈದ್ಯರನ್ನು ಬಲ್ಲೆ. ಅವರದೇ ಸರಿಯಾದ ದಾರಿ.

ಕಾನೂನು ಸಾಕಷ್ಟು ದೂರ ನಡೆದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದಿತು, ಕಾಯಿಲೆಯ ವಿವರ ಗೋಪ್ಯವಾಗಿರಬೇಕೆಂದಿತು, ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ಅಪರಾಧಿಗಳಂತೆ ಕಾಣಬಾರದೆಂದಿತು, ವಿಮೆಯಲ್ಲಿ ದೇಹದ ಕಾಯಿಲೆಗೂ ಮನಸ್ಸಿನದಕ್ಕೂ ಭೇದ ಮಾಡಬಾರದೆಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಾಸ್ಥ್ಯವನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿತು. ಸರ್ಕಾರಿ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ, ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. 2021ರ ಡಿಸೆಂಬರ್‌ನಲ್ಲಿ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾನಸಿಕ ಅಸ್ವಾಸ್ಥ್ಯ ಇರುವವರ ಮೇಲೆ ಶಿಸ್ತುಕ್ರಮ ಹೂಡುವುದೇ ಪರೋಕ್ಷ ತಾರತಮ್ಯ ಎಂದಿತು. ಯಲಹಂಕದ ಸಿಆರ್‌ಪಿಎಫ್ ಕ್ಯಾಂಪಿನ ಗೋಡೆ ನಮ್ಮ ದೊಡ್ಡಬಳ್ಳಾಪುರ ರಸ್ತೆಗೇ ಆತುಕೊಂಡಿದೆ. ಒಳಗಿನ ಜವಾನನಿಗೆ ಕೋರ್ಟಿನ ಈ ಮಾತಿನ ಆಸರೆಯಾದರೂ ಉಂಟು. ಗೋಡೆಯ ಹೊರಗಿನ ಖಾಸಗಿ ನೌಕರನಿಗೆ ಇಷ್ಟು ಗಟ್ಟಿಯಾದದ್ದು ಇಲ್ಲ. ಸಮಾನ ಅವಕಾಶ ನೀತಿಯನ್ನು ಖಾಸಗಿಯವರೂ ಪ್ರಕಟಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ 'ಆ ಎರಡು ವರ್ಷ ಏನ್ ಮಾಡ್ತಿದ್ರಿ' ಎಂದು ಕೇಳಿ, ಉತ್ತರ ಕೇಳಿದ ಮೇಲೆ 'ಆಮೇಲೆ ಫೋನ್ ಮಾಡ್ತೀವಿ' ಎನ್ನುವವರನ್ನು ಯಾವ ನೀತಿ ಹಿಡಿಯುತ್ತದೆ?

ಇನ್ನೊಂದು ತೊಡಕು. ಅಂಗವೈಕಲ್ಯದ ಸೌಲಭ್ಯಕ್ಕೆ ಶೇ. 40ರ ಪ್ರಮಾಣಪತ್ರ ಬೇಕು. ಮಾತ್ರೆ ತೆಗೆದುಕೊಂಡು ಸುಧಾರಿಸಿದವರು ಆ ಗೆರೆಯ ಕೆಳಗಿರುತ್ತಾರೆ. ಸೌಲಭ್ಯಕ್ಕೆ ಸಾಲದಷ್ಟು ಕಾಯಿಲೆ, ಕೆಲಸ ತಪ್ಪಲು ಸಾಕಾಗುವಷ್ಟು ಕಾಯಿಲೆ. ಗೆರೆಯ ಮೇಲಿದ್ದವರೂ ಪ್ರಮಾಣಪತ್ರ ಮಾಡಿಸಲು ಹಿಂಜರಿಯುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಅಸ್ವಾಸ್ಥ್ಯ ಇಂದಿಗೂ ವಿಚ್ಛೇದನಕ್ಕೆ ಒಂದು ಕಾರಣ. ಮನೆಯಲ್ಲೊಂದು ಅಂಥ ಕಾಗದವಿದೆ ಎಂದು ಗೊತ್ತಾದರೆ ಮಕ್ಕಳ ಸಂಬಂಧ ಮುರಿಯುತ್ತದೆಂಬ ಭಯಕ್ಕೆ ಆಧಾರವಿಲ್ಲದಿಲ್ಲ.

ಹಾಗಾದರೆ ಮತ್ತೆ ಶುರು ಮಾಡಿದವರು ಹೇಗೆ ಮಾಡುತ್ತಾರೆ? ಅಟ್ಟೂರಿನ ಸುತ್ತ ನಾನು ಕಂಡಂತೆ ಮೊದಲ ಆಸರೆ ಪ್ರಶ್ನೆ ಕೇಳದ ಕೆಲಸಗಳು. ಆಟೋ, ಕ್ಯಾಬು, ಊಟ ತಲುಪಿಸುವ ಬೈಕು, ಅಪಾರ್ಟ್‌ಮೆಂಟ್ ಸೆಕ್ಯುರಿಟಿ, ಎಲ್‌ಐಸಿ ಏಜೆನ್ಸಿ, ಸೈಟು ತೋರಿಸುವುದು. ಆ್ಯಪಿಗೆ ಬಯೋಡೇಟಾ ಬೇಡ, ಲೈಸೆನ್ಸ್ ಸಾಕು. ಮನುಷ್ಯರ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಯಂತ್ರದ ಕೆಳಗೆ ದುಡಿಯುತ್ತಿರುವವರು ಎಷ್ಟೋ ಜನ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆಂದೇ ಕಾಯ್ದೆ ತಂದದ್ದು ಒಳ್ಳೆಯ ಆರಂಭ. ಆದರೆ ರಾತ್ರಿ ನಿದ್ದೆ ಕೆಡಿಸುವ ಕೆಲಸ ನಿದ್ದೆಯನ್ನೇ ನೆಚ್ಚಿಕೊಂಡ ಚಿಕಿತ್ಸೆಗೆ ಹೊಂದುವುದಿಲ್ಲ ಎಂಬುದನ್ನು ವೈದ್ಯರು ಎಷ್ಟು ಹೇಳಿದರೂ ಸಾಲದು.

ಕಾಯಿಲೆಯಿಂದ ಎದ್ದವರನ್ನು ಪೂರ್ತಿ ಗುಣವಾಗಲಿ, ತರಬೇತಿಯಾಗಲಿ, ಆಮೇಲೆ ಕೆಲಸ ನೋಡೋಣ ಎಂದು ಕೂರಿಸುವುದು ಹಳೆಯ ಕ್ರಮ. 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಇನ್ನೊಂದು ಕ್ರಮ ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಜೊತೆಗೆ ಒಬ್ಬ ಸಲಹೆಗಾರರನ್ನು ಒದಗಿಸುತ್ತದೆ. ಮತ್ತೆ ಮತ್ತೆ ನಡೆದ ಪರೀಕ್ಷೆಗಳಲ್ಲಿ ಇದೇ ಹೆಚ್ಚು ಜನರನ್ನು ಕೆಲಸಕ್ಕೆ ಸೇರಿಸಿದೆ. ನಮ್ಮಲ್ಲಿ ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದ ಬೇಕರಿ ಹಳೆಯದು. ಅಲ್ಲಿನ ಬ್ರೆಡ್ಡು ಕೊಳ್ಳುವವರು ಅದನ್ನು ಮಾಡಿದ ಕೈ ಯಾರದೆಂದು ಕೇಳುವುದಿಲ್ಲ, ಬ್ರೆಡ್ಡು ಚೆನ್ನಾಗಿದೆಯೋ ಎಂದಷ್ಟೇ ನೋಡುತ್ತಾರೆ. ರಿಚ್ಮಂಡ್ ಫೆಲೋಶಿಪ್, ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್‌ನಂಥ ಸಂಸ್ಥೆಗಳು ದಶಕಗಳಿಂದ ಆಸ್ಪತ್ರೆಗೂ ಮನೆಗೂ ನಡುವಿನ ತಂಗುದಾಣ ನಡೆಸಿವೆ. ಇವೆಲ್ಲ ಊರಿನ ಆ ತುದಿಯಲ್ಲಿ, ಇಲ್ಲವೇ ಊರಿನ ನಡುವೆ. ಅಟ್ಟೂರಿನಿಂದ ಎರಡು ಬಸ್ಸು ಬದಲಿಸಿ ಹೋಗಿ, ಸಾಲಿನಲ್ಲಿ ನಿಂತು, ವಾಪಸ್ ಬರುವುದರಲ್ಲಿ ಒಂದು ದಿನದ ಕೂಲಿ ಹೋಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ತಿಂಗಳಿಗೊಂದು ದಿನ ಏನು ಸುಳ್ಳು ಹೇಳಿ ರಜೆ ತೆಗೆದುಕೊಳ್ಳಬೇಕು? ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿ ಹತ್ತು ವರ್ಷಕ್ಕೂ ಹಳೆಯದು. ಅದನ್ನು ಗಟ್ಟಿ ಮಾಡಿ, ಬಿಪಿ-ಶುಗರ್ ಮಾತ್ರೆ ಕೊಡುವ ಕಿಟಕಿಯಲ್ಲೇ ಈ ಮಾತ್ರೆಯೂ ಸಿಗುವಂತಾದರೆ ಅರ್ಧ ಸಂಕಟ ಕಳೆಯುತ್ತದೆ. 1985ರಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಹೀಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದಲೇ ಮನೋರೋಗದ ಚಿಕಿತ್ಸೆ ಕೊಡಿಸುವ ಪ್ರಯೋಗವನ್ನು ನಿಮ್ಹಾನ್ಸ್ ಆರಂಭಿಸಿತ್ತು, ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಅದರಿಂದ. ಬಳ್ಳಾರಿಯಲ್ಲಿ ಆದದ್ದು ರಾಜಧಾನಿಯ ಬಡಾವಣೆಗಳಿಗೆ ಪೂರ್ತಿಯಾಗಿ ತಲುಪಬೇಡವೇ? ಇನ್ನು ಮನೆಯಿಂದ ಹೊರಡಲೇ ಆಗದವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ-ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಲೇಖನ ಓದುತ್ತಿರುವವರ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ, ಮಾತಿಲ್ಲದೆ, ಬದುಕು ಸಾಕೆನ್ನುತ್ತ ಇದ್ದರೆ ಈ ಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ.

ನೆರೆಯವರ ಕಡೆಗೆ ಮತ್ತೆ ಬರುತ್ತೇನೆ. ಏಳು ಕಡೆ ಇಂಟರ್‌ವ್ಯೂ ಮುಗಿಸಿದ ಮೇಲೆ ಅವರು ಕೆಲಸ ಕೇಳುವುದನ್ನು ಬಿಟ್ಟರು. ಅಟ್ಟೂರು ಲೇಔಟಿನ ಒಳರಸ್ತೆಯಲ್ಲಿ ಹತ್ತಕ್ಕೆ ಹತ್ತಡಿಯ ಅಂಗಡಿ ಹಿಡಿದು ಮಿಕ್ಸಿ, ಕುಕ್ಕರ್, ಗ್ಯಾಸ್ ಸ್ಟವ್ ರಿಪೇರಿ ಶುರು ಮಾಡಿದರು. ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವನ್ನು ಹಿಡಿಯುತ್ತಿದ್ದ ಕಣ್ಣು ಈಗ ಮಿಕ್ಸಿ ಬ್ಲೇಡಿನ ಬುಷ್ ಸವೆದದ್ದನ್ನು ಕೈಯಲ್ಲಿ ತಿರುಗಿಸಿಯೇ ಹೇಳುತ್ತದೆ. ಮೈಕ್ರೋಮೀಟರ್ ಪೆಟ್ಟಿಗೆ ಗಲ್ಲಾದ ಪಕ್ಕದಲ್ಲಿದೆ, ಉಪಯೋಗವಿಲ್ಲದಿದ್ದರೂ. ಕುಕ್ಕರ್ ಗ್ಯಾಸ್ಕೆಟ್ಟುಗಳು ನೇತಾಡುವ ಮೊಳೆಯ ಕೆಳಗಿನ ಗೂಡಿನಲ್ಲಿ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಮಾತ್ರೆ. ಎಂಟೂವರೆಗೆ ಬಾಗಿಲು ಎಳೆಯುವ ಮೊದಲು ಒಂದು ನುಂಗಿ ಹೊರಡುತ್ತಾರೆ.

ಮೊನ್ನೆ ನಾನು ಸ್ಟವ್ ಬರ್ನರ್ ತರಲು ಹೋಗಿದ್ದಾಗ ಹಿಂದಿನ ಬೀದಿಯ ಹೆಂಗಸೊಬ್ಬರು ಡಬ್ಬಿ ನೋಡಿ ಕೇಳಿದರು: "ಏನಣ್ಣ, ಶುಗರ್ರಾ?"

"ಹೂಂ ಕಣಮ್ಮ, ಶುಗರ್ರು."

ಆಕೆ ಗ್ಯಾಸ್ಕೆಟ್ ತೆಗೆದುಕೊಂಡು ಹೋದ ಮೇಲೆ ನನ್ನ ಮುಖ ನೋಡಿದರು. "ಮಗಳಿಗೆ ಗಂಡು ನೋಡ್ತಿದೀವಿ ಸಾರ್. ಆಯಮ್ಮನ ಅಣ್ಣನ ಕಡೆಯಿಂದ್ಲೇ ಒಂದು ಸಂಬಂಧ ಬಂದಿದೆ. ಅದೊಂದು ಆಗೋಗ್ಲಿ. ಆಮೇಲೆ ಕೇಳ್ದವ್ರಿಗೆಲ್ಲ ಹೇಳ್ತೀನಿ."

ಬರ್ನರ್ ಸುತ್ತಿ ಕೊಡಲು ಹಳೆಯ ದಿನಪತ್ರಿಕೆಯ ಹಾಳೆ ಹರಿದರು.